ತೂಕ ಇಳಿಸುವ ಮಾತ್ರೆಗಳು: ಕಿಲೋ ಲೆಕ್ಕದ ಆಚೆಗೆ ಅಳೆಯಬೇಕಾದದ್ದು

ತೂಕ ಇಳಿಸುವ ಔಷಧಗಳ ಕುರಿತು ಕಳೆದ ನಾಲ್ಕೈದು ವರ್ಷಗಳಲ್ಲಿ ನಡೆದ ಚರ್ಚೆ ಬಹುಪಾಲು ಇಂಜೆಕ್ಷನ್‌ಗಳ ಸುತ್ತಲೇ ಇತ್ತು. ಈಗ ಅದು ಮಾತ್ರೆಗಳ ಕಡೆಗೆ ಹೊರಳಿದೆ. ಸೆಮಾಗ್ಲುಟೈಡ್ ಎಂಬ ಔಷಧದ 25 ಮಿಲಿಗ್ರಾಂ ಮಾತ್ರೆಯನ್ನು ಬೊಜ್ಜಿನ ಚಿಕಿತ್ಸೆಗೆ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2025ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಔಷಧದ ಮೂಲ ಪೇಟೆಂಟ್ ಅವಧಿ ಭಾರತದಲ್ಲಿ 2026ರ ಮಾರ್ಚ್‌ಗೆ ಮುಗಿದಿದ್ದು, ಕಡಿಮೆ ಬೆಲೆಯ ಜನರಿಕ್‌ಗಳಿಗೆ ದಾರಿ ತೆರೆದಿದೆ. ಇಂಜೆಕ್ಷನ್ ಎಂದರೆ ಹಿಂದೇಟು ಹಾಕುವವರು ಮಾತ್ರೆ ಎಂದರೆ ಅಷ್ಟು ಯೋಚಿಸುವುದಿಲ್ಲ; ಡಾಕ್ಟರ ಚೀಟಿ ಇಲ್ಲದೆಯೂ ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ಮಾತ್ರೆ ಕೊಳ್ಳುವ ರೂಢಿ ನಮ್ಮಲ್ಲಿ ಹೊಸದೇನೂ ಅಲ್ಲ. ಹಾಗಾಗಿ ಈ ಮಾತ್ರೆಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ, ಸುರಕ್ಷಿತವೇ ಎಂಬ ಎರಡು ಪ್ರಶ್ನೆಗಳನ್ನು ಈಗ ಸ್ವಲ್ಪ ನಿಧಾನವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುವುದೇ ವಾಡಿಕೆ. ಆದರೆ ತೂಕ ಇಳಿಸುವ ಮಾತ್ರೆಗಳ ಸುಮಾರು ತೊಂಬತ್ತು ವರ್ಷಗಳ ಚರಿತ್ರೆಯನ್ನು ತಿರುವಿಹಾಕಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಿಷೇಧಕ್ಕೊಳಗಾದ, ಕಂಪನಿಗಳು ತಾವಾಗಿ ಹಿಂತೆಗೆದುಕೊಂಡ, ನ್ಯಾಯಾಲಯದ ಮೆಟ್ಟಿಲೇರಿದ ಪ್ರಮುಖ ಮಾತ್ರೆಗಳೆಲ್ಲವೂ ತೂಕವನ್ನು ನಿಜವಾಗಿಯೇ ಇಳಿಸುತ್ತಿದ್ದವು. ಕೆಲಸ ಮಾಡುತ್ತಿಲ್ಲ ಎಂಬ ಕಾರಣಕ್ಕೆ ಅವು ಅಂಗಡಿಯಿಂದ ಹೊರಬೀಳಲಿಲ್ಲ. ಯಾರೋ ಒಬ್ಬರು ತೂಕವನ್ನು ಬಿಟ್ಟು ಬೇರೇನನ್ನೋ, ಅಂದರೆ ಹೃದಯದ ಕವಾಟವನ್ನೋ, ಕಣ್ಣಿನ ಮಸೂರವನ್ನೋ, ಹೃದಯಾಘಾತಗಳ ಸಂಖ್ಯೆಯನ್ನೋ ನೋಡಿದಾಗ ಮಾತ್ರ ಅವುಗಳ ಇನ್ನೊಂದು ಮುಖ ಬಯಲಾಯಿತು. ಆದ್ದರಿಂದ ಪರಿಚಯದವರೊಬ್ಬರು ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿದರು ಎಂಬ ಮಾತು ಎಷ್ಟೇ ನಿಜವಾಗಿದ್ದರೂ, ಆ ಮಾತ್ರೆಯನ್ನು ನುಂಗಬಹುದೇ ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಮೊದಲ ದೊಡ್ಡ ಉದಾಹರಣೆ ಡೈನೈಟ್ರೋಫಿನಾಲ್. ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಫೋಟಕಗಳ ತಯಾರಿಕೆಯಲ್ಲಿ ಬಳಕೆಯಾಗುತ್ತಿದ್ದ ಈ ರಾಸಾಯನಿಕ ತೂಕ ಇಳಿಸುತ್ತದೆ ಎಂದು 1933ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರಿಸ್ ಟೇಂಟರ್ ಮತ್ತು ಸಂಗಡಿಗರು ಪ್ರಕಟಿಸಿದರು. ಜೀವಕೋಶಗಳು ಆಹಾರದಿಂದ ಪಡೆಯುವ ಶಕ್ತಿಯನ್ನು ಕೂಡಿಡಲು ಬಿಡದೆ ಶಾಖವಾಗಿ ಪೋಲು ಮಾಡಿಸುವುದು ಇದರ ಕೆಲಸ. ಒಂದೆರಡು ವರ್ಷಗಳಲ್ಲೇ ಸುಮಾರು ಒಂದು ಲಕ್ಷ ಅಮೆರಿಕನ್ನರು ಇದನ್ನು ಬಳಸಿದ್ದರು. ಕಿಲೋಗಳು ಕರಗಿದವು, ಜೊತೆಗೆ ಎಳೆಯ ವಯಸ್ಸಿನ ಹೆಂಗಸರ ಕಣ್ಣಿಗೆ ಪೊರೆ ಬಂತು, ಕೆಲವರು ಮೈಯ ತಾಪ ಏರಿ ಸತ್ತರು. 1938ರಲ್ಲಿ ಅಮೆರಿಕದ ಹೊಸ ಔಷಧ ಕಾಯ್ದೆ ಬರುತ್ತಿದ್ದಂತೆ ಅದರ ಮಾರಾಟಕ್ಕೆ ತೆರೆ ಬಿತ್ತು. ಆದರೂ ಇಂಟರ್ನೆಟ್‌ನಲ್ಲಿ ದೇಹದಾರ್ಢ್ಯ ಪಟುಗಳಿಗಾಗಿ ಅದು ಇಂದಿಗೂ ಕದ್ದುಮುಚ್ಚಿ ಮಾರಾಟವಾಗುತ್ತಿದೆ. ಸಾವುಗಳು ನಿಲ್ಲದೇ ಹೋದುದರಿಂದ ಬ್ರಿಟನ್ 2023ರಲ್ಲಿ ಅದನ್ನು ನಿಯಂತ್ರಿತ ವಿಷಗಳ ಪಟ್ಟಿಗೆ ಸೇರಿಸಬೇಕಾಯಿತು.

ಫೆನ್‌ಫ್ಲುರಮಿನ್‌ನ ಕಥೆ ಇದಕ್ಕಿಂತ ಹೆಚ್ಚು ಪಾಠ ಹೇಳುತ್ತದೆ, ಯಾಕೆಂದರೆ ಅದು ನಾಟಿ ಔಷಧವೂ ಅಲ್ಲ, ಕಳ್ಳಮಾಲೂ ಅಲ್ಲ. ತಜ್ಞ ವೈದ್ಯರೇ ಬರೆದುಕೊಟ್ಟ ಮಾತ್ರೆ. ಮಿದುಳಿನಲ್ಲಿ ಸಿರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕದ ಪ್ರಮಾಣ ಹೆಚ್ಚಿಸಿ ಹಸಿವನ್ನು ಅಡಗಿಸುವ ಇದನ್ನು ಫೆಂಟರ್ಮಿನ್ ಎಂಬ ಇನ್ನೊಂದು ಮಾತ್ರೆಯ ಜೊತೆ ಕೊಟ್ಟರೆ ತೂಕ ಚೆನ್ನಾಗಿ ಇಳಿಯುತ್ತದೆ ಎಂದು 1992ರಲ್ಲಿ ಒಂದು ಅಧ್ಯಯನ ಹೇಳಿತು. ಆ ಅಧ್ಯಯನದಲ್ಲಿದ್ದವರು 121 ಮಂದಿ. 1996ರ ಹೊತ್ತಿಗೆ ಅಮೆರಿಕದಲ್ಲಿ ಈ ಜೋಡಿಗೆ ವರ್ಷಕ್ಕೆ 1.8 ಕೋಟಿಗೂ ಹೆಚ್ಚು ಚೀಟಿಗಳು ಬರೆಯಲ್ಪಡುತ್ತಿದ್ದವು. 1997ರ ಜುಲೈನಲ್ಲಿ ಮೇಯೋ ಕ್ಲಿನಿಕ್‌ನ ವೈದ್ಯರು ಈ ಮಾತ್ರೆಗಳನ್ನು ಸೇವಿಸಿದ್ದ 24 ಮಹಿಳೆಯರ ಹೃದಯದ ಕವಾಟಗಳು ದಪ್ಪಗಾಗಿ ಸರಿಯಾಗಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರುತ್ತಿರುವುದನ್ನು ವರದಿ ಮಾಡಿದರು. ಎಕೋ ಪರೀಕ್ಷೆ ಮಾಡದಿದ್ದರೆ ಅದು ಗೊತ್ತಾಗುವ ಸಂಗತಿಯೇ ಆಗಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮಾತ್ರೆಯನ್ನು ಹಿಂತೆಗೆದುಕೊಳ್ಳಲಾಯಿತು.

ಫೆನ್‌ಫ್ಲುರಮಿನ್ ದೇಹದಲ್ಲಿ ವಿಭಜನೆಯಾದಾಗ ಉಂಟಾಗುವ ನಾರ್‌ಫೆನ್‌ಫ್ಲುರಮಿನ್ ಎಂಬ ವಸ್ತು ಕವಾಟದ ಮೇಲಿರುವ ಒಂದು ಬಗೆಯ ಸಿರೊಟೋನಿನ್ ಗ್ರಾಹಕವನ್ನು (ಸಂದೇಶ ಹಿಡಿಯುವ ಅಣುವನ್ನು) ಕೆರಳಿಸಿ ಅಲ್ಲಿನ ಅಂಗಾಂಶವನ್ನು ಬೆಳೆಸುತ್ತದೆ ಎಂಬುದು ಆಮೇಲೆ ತಿಳಿಯಿತು. ಇದು ಗೊತ್ತಿದ್ದೂ ಫ್ರಾನ್ಸ್‌ನಲ್ಲಿ ದೇಹದೊಳಗೆ ಅದೇ ವಸ್ತುವಾಗಿ ಬದಲಾಗುವ ಬೆನ್‌ಫ್ಲೋರೆಕ್ಸ್ ಎಂಬ ಮಾತ್ರೆ, ಮೀಡಿಯೇಟರ್ ಎಂಬ ಹೆಸರಿನಲ್ಲಿ, 2009ರವರೆಗೂ ಮಾರಾಟವಾಯಿತು. ಸರ್ವಿಯೆ ಕಂಪನಿ 1976ರಲ್ಲಿ ಬಿಡುಗಡೆ ಮಾಡಿದ ಈ ಮಾತ್ರೆ ಕಾಗದದ ಮೇಲೆ ಮಧುಮೇಹಿಗಳಿಗೆ; ವಾಸ್ತವದಲ್ಲಿ ತೂಕ ಇಳಿಸಿಕೊಳ್ಳಬೇಕೆನ್ನುವವರಿಗೆ. ಬ್ರೆಸ್ಟ್ ನಗರದ ಶ್ವಾಸಕೋಶ ತಜ್ಞೆ ಐರೀನ್ ಫ್ರಾಶೋಂ ತಮ್ಮಲ್ಲಿಗೆ ಬಂದ ರೋಗಿಗಳ ಹಳೆಯ ಚೀಟಿಗಳನ್ನು ಒಂದೊಂದಾಗಿ ಹುಡುಕಿ ತಾಳೆ ಹಾಕಿ ಹಿಡಿದ ಪಟ್ಟಿನಿಂದಾಗಿ ಅದು ನಿಂತಿತು. ಅಷ್ಟರಲ್ಲಿ ಸುಮಾರು 50 ಲಕ್ಷ ಜನ ಅದನ್ನು ಬಳಸಿದ್ದರು. 2021ರ ಮಾರ್ಚ್‌ನಲ್ಲಿ ಪ್ಯಾರಿಸ್ ನ್ಯಾಯಾಲಯ ಕಂಪನಿಯನ್ನು ಗಂಭೀರ ವಂಚನೆ ಮತ್ತು ಉದ್ದೇಶವಿಲ್ಲದ ನರಹತ್ಯೆಯ ಅಪರಾಧಿ ಎಂದು ತೀರ್ಮಾನಿಸಿತು. ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಅದೇ ಫೆನ್‌ಫ್ಲುರಮಿನ್, ಕಡಿಮೆ ಪ್ರಮಾಣದಲ್ಲಿ, ಮಕ್ಕಳಲ್ಲಿ ಬರುವ ಡ್ರಾವೆಟ್ ಎಂಬ ಕಠಿಣ ಮೂರ್ಛೆರೋಗಕ್ಕೆ 2020ರಲ್ಲಿ ಮರಳಿ ಒಪ್ಪಿಗೆ ಪಡೆಯಿತು. ನಿಯಮಿತವಾಗಿ ಎಕೋ ಮಾಡಿಸಬೇಕೆಂಬ ಷರತ್ತಿನ ಮೇಲೆ. ಸುರಕ್ಷತೆ ಎಂಬುದು ಔಷಧದೊಳಗೆ ಅಂಟಿಕೊಂಡಿರುವ ಗುಣವಲ್ಲ; ಯಾರಿಗೆ, ಯಾತಕ್ಕೆ, ಎಷ್ಟು, ಯಾವ ನಿಗಾದಲ್ಲಿ ಎಂಬುದರ ಮೇಲೆ ಅದು ನಿಂತಿರುತ್ತದೆ.

ಸಿಬುಟ್ರಮಿನ್ ವಿಷಯಕ್ಕೆ ಬಂದಾಗ ಅಂಕಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು, ಭಾರತದಲ್ಲೂ ಧಾರಾಳವಾಗಿ ಮಾರಾಟವಾದ ಈ ಮಾತ್ರೆ ರಕ್ತದೊತ್ತಡವನ್ನೂ ನಾಡಿಯನ್ನೂ ತುಸು ಏರಿಸುತ್ತದೆ ಎಂಬುದು ಮೊದಲೇ ಗೊತ್ತಿತ್ತು. ತೂಕ ಇಳಿದರೆ ಹೃದಯಕ್ಕೆ ಒಳ್ಳೆಯದೇ ಆಗುವುದರಿಂದ ಒಟ್ಟಾರೆ ಲಾಭವೇ ಎಂದು ನಂಬಲಾಗಿತ್ತು. ಆ ನಂಬಿಕೆಯನ್ನು ಪರೀಕ್ಷಿಸಲು ಹೃದ್ರೋಗ ಅಥವಾ ಮಧುಮೇಹ ಇದ್ದ, 55 ದಾಟಿದ ಸುಮಾರು 9,800 ಜನರನ್ನು ಸರಾಸರಿ 3.4 ವರ್ಷ ಹಿಂಬಾಲಿಸಿದ ಸ್ಕೌಟ್ ಎಂಬ ಪ್ರಯೋಗ ನಡೆಯಿತು. ಹುಸಿ ಮಾತ್ರೆ, ಎಂದರೆ ಹೋಲಿಕೆಗಾಗಿ ಕೊಡುವ ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಶೇ 10ರಷ್ಟು ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಗಂಡಾಂತರ ಬಂದಿದ್ದರೆ, ಸಿಬುಟ್ರಮಿನ್ ತೆಗೆದುಕೊಂಡವರಲ್ಲಿ ಅದು ಶೇ 11.4. ವ್ಯತ್ಯಾಸ ನೂರಕ್ಕೆ ಒಂದೂವರೆಗಿಂತ ಕಡಿಮೆ. ಸುಮಾರು ಎಪ್ಪತ್ತು ಜನರಲ್ಲಿ ಒಬ್ಬರಿಗೆ ಹೆಚ್ಚುವರಿ ಹಾನಿ. ಎಷ್ಟೇ ಅನುಭವಿ ವೈದ್ಯರಾದರೂ ತಮ್ಮ ಕ್ಲಿನಿಕ್‌ನಲ್ಲಿ ಕುಳಿತು ಇದನ್ನು ಗುರುತಿಸುವುದು ಸಾಧ್ಯವಿಲ್ಲ, ಏಕೆಂದರೆ ಆ ವಯಸ್ಸಿನವರಿಗೆ ಹೃದಯಾಘಾತ ಹೇಗೂ ಆಗುತ್ತಿರುತ್ತದೆ. ಯುರೋಪ್ 2010ರ ಜನವರಿಯಲ್ಲಿ ಅದನ್ನು ತಡೆಹಿಡಿಯಿತು, ಅಮೆರಿಕದಲ್ಲಿ ಅಕ್ಟೋಬರ್‌ನಲ್ಲಿ ಮಾರಾಟ ನಿಂತಿತು, ಭಾರತ 2011ರ ಫೆಬ್ರುವರಿಯಲ್ಲಿ ನಿಷೇಧಿಸಿತು.

ರಿಮೊನಬಾಂಟ್ ಎಂಬ ಮಾತ್ರೆ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳ ಕಾರಣಕ್ಕೆ ಯುರೋಪಿನಲ್ಲಿ 2008ರಲ್ಲಿ ನಿಂತಿತು. ಲೋರ್ಕಾಸೆರಿನ್ ಎಂಬ ಇನ್ನೊಂದು ಮಾತ್ರೆ ಹೃದಯದ ಪರೀಕ್ಷೆಯಲ್ಲಿ ಪಾಸಾಯಿತು. ಆದರೆ ಅದೇ 12,000 ಜನರ ಅಧ್ಯಯನದಲ್ಲಿ ಕ್ಯಾನ್ಸರ್ ಪ್ರಮಾಣ ಹುಸಿ ಮಾತ್ರೆಯವರ ಶೇ 7.1ರ ಎದುರು ಶೇ 7.7 ಕಂಡುಬಂದದ್ದರಿಂದ 2020ರಲ್ಲಿ ಹೊರಹೋಯಿತು.

ಇವೆಲ್ಲದರ ನಡುವೆ ಉಳಿದುಕೊಂಡ ಹಳೆಯ ಮಾತ್ರೆಗಳಲ್ಲಿ ಓರ್ಲಿಸ್ಟಾಟ್ ಮುಖ್ಯವಾದದ್ದು. 1999ರಿಂದ ಬಳಕೆಯಲ್ಲಿರುವ ಇದು ಮಿದುಳಿನ ತಂಟೆಗೇ ಹೋಗುವುದಿಲ್ಲ. ಕರುಳಿನಲ್ಲಿ ಜಿಡ್ಡನ್ನು ಒಡೆಯುವ ಲೈಪೇಸ್ ಕಿಣ್ವವನ್ನು ತಡೆದು, ತಿಂದ ಜಿಡ್ಡಿನಲ್ಲಿ ಸುಮಾರು ಶೇ 30ರಷ್ಟು ಹಾಗೆಯೇ ಹೊರಹೋಗುವಂತೆ ಮಾಡುತ್ತದೆ. ಫಲಿತಾಂಶ ಸಾಧಾರಣ: ನಾಲ್ಕು ವರ್ಷಗಳ ಒಂದು ದೊಡ್ಡ ಅಧ್ಯಯನದಲ್ಲಿ ಮಾತ್ರೆ ತೆಗೆದುಕೊಂಡವರು 5.8 ಕಿಲೋ, ಹುಸಿ ಮಾತ್ರೆಯವರು 3 ಕಿಲೋ ಇಳಿದಿದ್ದರು. ಆದರೆ ಮಧುಮೇಹ ಬರುವ ಸಂಭವ ಶೇ 37ರಷ್ಟು ತಗ್ಗಿತ್ತು. ಕರಿದ ತಿಂಡಿ ತಿಂದ ದಿನ ಎಣ್ಣೆ ಎಣ್ಣೆಯಾದ ಭೇದಿಗೆ ಸಿದ್ಧರಿರಬೇಕು. ಎ, ಡಿ, ಇ, ಕೆ ವಿಟಮಿನ್‌ಗಳ ಹೀರಿಕೆ ಕುಂದುವುದರಿಂದ ಅವನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ತೀರಾ ಅಪರೂಪಕ್ಕೆ ಲಿವರ್‌ಗೆ ತೀವ್ರ ಹಾನಿಯಾದ ವರದಿಗಳಿದ್ದು 2010ರಲ್ಲಿ ಎಫ್‌ಡಿಎ ಆ ಎಚ್ಚರಿಕೆಯನ್ನು ಲೇಬಲ್‌ಗೆ ಸೇರಿಸಿತು. ಬಜ್ಜಿ ತಿಂದು ಮಾತ್ರೆ ನುಂಗಿದವರಿಗೆ ಮಾತ್ರೆಯೇ ಬುದ್ಧಿ ಹೇಳುವುದರಿಂದ, ಅದರ ಪರಿಣಾಮದಲ್ಲಿ ಅರ್ಧ ಪಾಲು ಈ ಶಿಕ್ಷೆಯದ್ದೇ ಇರಬಹುದು ಎಂದು ನನಗೆ ಅನ್ನಿಸುವುದುಂಟು.

ಈ ಹಿನ್ನೆಲೆಯಲ್ಲಿಟ್ಟು ನೋಡಿದಾಗ ಮಾತ್ರ ಸೆಮಾಗ್ಲುಟೈಡ್ ಗುಂಪಿನ ಔಷಧಗಳ ಹೆಚ್ಚುಗಾರಿಕೆ ಏನೆಂದು ತಿಳಿಯುತ್ತದೆ. ಊಟವಾದ ಮೇಲೆ ಕರುಳು ಸ್ರವಿಸುವ ಜಿಎಲ್‌ಪಿ-1 ಎಂಬ ಹಾರ್ಮೋನ್ ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ಬಿಡಲು ಹೇಳುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಮಿದುಳಿಗೆ ಹೊಟ್ಟೆ ತುಂಬಿತೆಂಬ ಸುದ್ದಿ ಮುಟ್ಟಿಸುತ್ತದೆ. ದೇಹದ ಸ್ವಂತ ಹಾರ್ಮೋನ್ ಕೆಲವೇ ನಿಮಿಷಗಳಲ್ಲಿ ಕರಗಿಹೋದರೆ, ಅದನ್ನು ಹೋಲುವ ಈ ಔಷಧ ದಿನಗಟ್ಟಲೆ ಉಳಿಯುತ್ತದೆ. ವಾರಕ್ಕೊಮ್ಮೆ 2.4 ಮಿಲಿಗ್ರಾಂ ಇಂಜೆಕ್ಷನ್ನನ್ನೋ ಹುಸಿ ಔಷಧವನ್ನೋ ಪಡೆದ 1,961 ಜನರ ಅಧ್ಯಯನದಲ್ಲಿ, 68 ವಾರಗಳ ಕೊನೆಗೆ ಔಷಧ ಪಡೆದವರ ಸರಾಸರಿ ತೂಕ ಶೇ 14.9ರಷ್ಟು ಇಳಿದಿತ್ತು, ಹುಸಿ ಔಷಧದವರಲ್ಲಿ ಶೇ 2.4. ಹಿಂದಿನ ಯಾವ ಮಾತ್ರೆಯೂ ಒಂಟಿಯಾಗಿ ಇದರ ಹತ್ತಿರ ಬಂದಿರಲಿಲ್ಲ.

ಆದರೆ ಇದಕ್ಕಿಂತ ಮುಖ್ಯವಾದ ಅಂಕಿ 2023ರಲ್ಲಿ ಬಂದ ಸೆಲೆಕ್ಟ್ ಅಧ್ಯಯನದ್ದು. ಹೃದ್ರೋಗವಿದ್ದ, ಮಧುಮೇಹವಿಲ್ಲದ 17,604 ಸ್ಥೂಲಕಾಯರನ್ನು ಸರಾಸರಿ ಮೂರು ವರ್ಷ ನಾಲ್ಕು ತಿಂಗಳು ಗಮನಿಸಿದಾಗ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವುಗಳ ಒಟ್ಟು ಪ್ರಮಾಣ ಶೇ 8ರಿಂದ ಶೇ 6.5ಕ್ಕೆ ಇಳಿದಿತ್ತು. ಪತ್ರಿಕೆಗಳಲ್ಲಿ ಇದು ಶೇ 20ರಷ್ಟು ಇಳಿಕೆ ಎಂದು ಬಂತು. ತಪ್ಪಿಲ್ಲ, ಆದರೆ ಇನ್ನೊಂದು ಬಗೆಯಲ್ಲಿ ಹೇಳಿದರೆ ಸುಮಾರು 67 ಜನ ಅಷ್ಟು ಕಾಲ ಇಂಜೆಕ್ಷನ್ ತೆಗೆದುಕೊಂಡಾಗ ಒಬ್ಬರು ಪಾರಾದರು. ಸಿಬುಟ್ರಮಿನ್ ಎಪ್ಪತ್ತರಲ್ಲಿ ಒಬ್ಬರಿಗೆ ಮಾಡಿದ ಹಾನಿಯೂ ಸೆಮಾಗ್ಲುಟೈಡ್ ಅರವತ್ತೇಳರಲ್ಲಿ ಒಬ್ಬರಿಗೆ ಮಾಡಿದ ಉಪಕಾರವೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಎರಡೂ ಬರಿಗಣ್ಣಿಗೆ ಕಾಣುವಂಥವಲ್ಲ. ತೂಕದ ಯಂತ್ರದ ಮೇಲೆ ನಿಂತವರಿಗೆ ಎರಡೂ ಔಷಧಗಳು ಒಂದೇ ರೀತಿಯ ಸಂತೋಷ ಕೊಡುತ್ತವೆ. ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಬೇಕಾಗುವುದು ಈ ಕಾರಣಕ್ಕೆ.

ಇನ್ನು ಇಂಜೆಕ್ಷನ್ ಮಾತ್ರೆಯಾದ ಬಗೆ. ಸೆಮಾಗ್ಲುಟೈಡ್ ಒಂದು ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕು. ಹೊಟ್ಟೆಗೆ ಹೋದರೆ ಬೇಳೆಕಾಳಿನ ಪ್ರೋಟೀನಿನಂತೆಯೇ ಜೀರ್ಣವಾಗಿಬಿಡುತ್ತದೆ. ಅದನ್ನು ಜಠರದ ಗೋಡೆಯ ಮೂಲಕವೇ ಒಳಗೆ ನುಸುಳಿಸಲು ಸ್ನ್ಯಾಕ್ ಎಂಬ ಸಹಾಯಕ ವಸ್ತುವನ್ನು ಬೆರೆಸುತ್ತಾರೆ. ಅಷ್ಟಾದರೂ ರಕ್ತಕ್ಕೆ ಸೇರುವುದು ಶೇ 1ಕ್ಕಿಂತ ಕಡಿಮೆ. ವಾರಕ್ಕೆ 2.4 ಮಿಲಿಗ್ರಾಂ ಇಂಜೆಕ್ಷನ್ ಮಾಡುವ ಕೆಲಸವನ್ನು ಮಾಡಿಸಲು ದಿನಕ್ಕೆ 25ರಂತೆ ವಾರಕ್ಕೆ 175 ಮಿಲಿಗ್ರಾಂ, ಎಂದರೆ ಎಪ್ಪತ್ತು ಪಟ್ಟಿಗೂ ಹೆಚ್ಚು ಔಷಧ ನುಂಗಬೇಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟ ನೀರಿಗಿಂತ ಹೆಚ್ಚು ಕುಡಿಯದೆ ನುಂಗಿ, ಅರ್ಧ ಗಂಟೆ ಕಾಫಿಯನ್ನೂ ಮುಟ್ಟದೆ ಕೂರಬೇಕು. ನಿಯಮ ತಪ್ಪಿದರೆ ಆ ದಿನದ ಮಾತ್ರೆ ಬಹುಮಟ್ಟಿಗೆ ವ್ಯರ್ಥ. ಹಾಸಿಗೆಯಿಂದ ಎದ್ದ ಕೂಡಲೇ ಫಿಲ್ಟರ್ ಕಾಫಿಗೆ ಕೈಚಾಚುವ ನಾಡಿನಲ್ಲಿ ಇದು ಸಣ್ಣ ತಪಸ್ಸೇನಲ್ಲ. ನಿಯಂತ್ರಿತ ಅಧ್ಯಯನದಲ್ಲಿ 307 ಜನರಿಗೆ ಈ 25 ಮಿಲಿಗ್ರಾಂ ಮಾತ್ರೆಯನ್ನೋ ಹುಸಿ ಮಾತ್ರೆಯನ್ನೋ ಕೊಟ್ಟು 64 ವಾರ ನೋಡಿದಾಗ ತೂಕದ ಇಳಿಕೆ ಕ್ರಮವಾಗಿ ಶೇ 13.6 ಮತ್ತು ಶೇ 2.2 ಇತ್ತು.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಒಂದು ಗೊಂದಲ ಇಲ್ಲಿದೆ. ಭಾರತದಲ್ಲಿ 2022ರಿಂದ ರೈಬೆಲ್ಸಸ್ ಹೆಸರಿನಲ್ಲಿ ಸಿಗುತ್ತಿರುವ ಸೆಮಾಗ್ಲುಟೈಡ್ ಮಾತ್ರೆ 3, 7 ಮತ್ತು 14 ಮಿಲಿಗ್ರಾಂನದು; ಒಪ್ಪಿಗೆ ಇರುವುದು ಟೈಪ್ 2 ಮಧುಮೇಹಕ್ಕೆ. ಅದರ ಗರಿಷ್ಠ ಪ್ರಮಾಣದಲ್ಲೂ ಮಧುಮೇಹಿಗಳು ಆರು ತಿಂಗಳಲ್ಲಿ ಇಳಿಸಿಕೊಂಡದ್ದು ಸರಾಸರಿ ನಾಲ್ಕು ಕಿಲೋದಷ್ಟು. ಅಮೆರಿಕದ ಸುದ್ದಿ ಓದಿ, ಶೇ 13ರ ಇಳಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು 7 ಮಿಲಿಗ್ರಾಂ ಪಟ್ಟಿಯನ್ನು ಕೊಳ್ಳುವವರಿಗೆ ನಿರಾಸೆ ಖಚಿತ. ನಿರಾಸೆಯಾದವರು ತಾವೇ ಎರಡೆರಡು ಮಾತ್ರೆ ನುಂಗತೊಡಗುವುದು ಅದಕ್ಕಿಂತ ಕೆಟ್ಟದ್ದು. ಈ ಪ್ರಮಾಣದ ಮಾತ್ರೆಗೂ ತನ್ನದೇ ಆದ ಬೆಲೆ ಇದೆ: ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದ 9,650 ಮಧುಮೇಹಿಗಳ ಅಧ್ಯಯನದಲ್ಲಿ 14 ಮಿಲಿಗ್ರಾಂ ಮಾತ್ರೆ ಹೃದಯದ ಗಂಡಾಂತರಗಳನ್ನು ಶೇ 14ರಷ್ಟು ತಗ್ಗಿಸಿದ್ದು 2025ರಲ್ಲಿ ಪ್ರಕಟವಾಯಿತು.

ಪೆಪ್ಟೈಡ್ ಅಲ್ಲದ, ಸಾಮಾನ್ಯ ರಾಸಾಯನಿಕ ಮಾತ್ರೆಯಂತೆ ತಯಾರಿಸಬಹುದಾದ, ಊಟ ನೀರಿನ ಕಟ್ಟುಪಾಡಿಲ್ಲದ ಓರ್ಫೋಗ್ಲಿಪ್ರಾನ್ ಇದರ ಮುಂದಿನ ಹೆಜ್ಜೆ. 3,127 ಜನರ ಅಧ್ಯಯನದಲ್ಲಿ ಅದರ ಗರಿಷ್ಠ ಪ್ರಮಾಣ 72 ವಾರಗಳಲ್ಲಿ ಶೇ 11.2ರಷ್ಟು ತೂಕ ಇಳಿಸಿತು. ಹಾಗೆಂದು ಈ ಬಗೆಯ ಮಾತ್ರೆಗಳೆಲ್ಲ ದಡ ಸೇರುತ್ತವೆ ಎಂದೇನಿಲ್ಲ. ಇದರಂತೆಯೇ ಜಿಎಲ್‌ಪಿ-1 ಗ್ರಾಹಕದ ಮೇಲೆ ಕೆಲಸ ಮಾಡುವ ಡಾನುಗ್ಲಿಪ್ರಾನ್ ಎಂಬ ಮಾತ್ರೆಯನ್ನು ಫೈಝರ್ 2025ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಪ್ರಯೋಗದಲ್ಲಿದ್ದ ಒಬ್ಬರಿಗೆ ಔಷಧದಿಂದಲೇ ಲಿವರ್‌ಗೆ ಪೆಟ್ಟಾಗಿರಬಹುದೆಂಬ ಶಂಕೆ ಅದಕ್ಕೆ ಕಾರಣ. ಪರೀಕ್ಷೆಯ ಹಂತದಲ್ಲಿ ಹೀಗೆ ನಿಲ್ಲುವುದು ವ್ಯವಸ್ಥೆ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿ.

ಜಿಎಲ್‌ಪಿ-1 ಔಷಧಗಳ ಅಡ್ಡ ಪರಿಣಾಮಗಳಲ್ಲಿ ಹೆಚ್ಚಿನವು ಹೊಟ್ಟೆಗೆ ಸಂಬಂಧಿಸಿದವು. ಮೊದಲು ಹೇಳಿದ 1,961 ಜನರ ಅಧ್ಯಯನದಲ್ಲಿ ಔಷಧ ಪಡೆದವರಲ್ಲಿ ಶೇ 44 ಮಂದಿಗೆ ವಾಕರಿಕೆ ಬಂದಿತ್ತು, ಹುಸಿ ಔಷಧದವರಲ್ಲಿ ಶೇ 17. ವಾಂತಿ, ಭೇದಿ, ಮಲಬದ್ಧತೆ ಇವೂ ಸಾಮಾನ್ಯ. ಪ್ರಮಾಣವನ್ನು ನಿಧಾನವಾಗಿ ಏರಿಸಿದರೆ ಹೆಚ್ಚಿನವರಿಗೆ ಒಗ್ಗುತ್ತದೆ. ಪಿತ್ತಕೋಶದ ಕಲ್ಲು ಹೆಚ್ಚುತ್ತದೆ, ಮೇದೋಜೀರಕ ಗ್ರಂಥಿಯ ಉರಿಯೂತದ ಎಚ್ಚರಿಕೆಯಿದೆ. ಕಣ್ಣಿನ ನರಕ್ಕೆ ರಕ್ತ ಸಂಚಾರ ಕಡಿದು ದೃಷ್ಟಿ ಹೋಗುವ ಒಂದು ತೊಂದರೆ ಸೆಮಾಗ್ಲುಟೈಡ್ ಬಳಸುವವರಲ್ಲಿ ಹತ್ತು ಸಾವಿರಕ್ಕೆ ಒಬ್ಬರವರೆಗೆ ಕಾಣಿಸಬಹುದೆಂದು ಯುರೋಪಿನ ಔಷಧ ಸಂಸ್ಥೆ 2025ರ ಜೂನ್‌ನಲ್ಲಿ ಹೇಳಿತು. ಆತ್ಮಹತ್ಯೆಯ ಯೋಚನೆಗೆ ಕಾರಣವಾಗುತ್ತದೆಂಬ ಶಂಕೆಯನ್ನು ಅದೇ ಸಂಸ್ಥೆ 2024ರಲ್ಲಿ ಪರಿಶೀಲಿಸಿ ಆಧಾರವಿಲ್ಲವೆಂದು ಕಂಡುಕೊಂಡಿತ್ತು. ಗರ್ಭಿಣಿಯರು ಇವನ್ನು ತೆಗೆದುಕೊಳ್ಳುವಂತಿಲ್ಲ. ಮಗು ಬೇಕೆನ್ನುವವರು ಸೆಮಾಗ್ಲುಟೈಡ್ ಅನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಪಿಸಿಒಎಸ್ ಎಂಬ ಅಂಡಾಶಯದ ಹಾರ್ಮೋನ್ ತೊಂದರೆ ಇರುವ ಯುವತಿಯರು ತೂಕ ಇಳಿದಾಗ ಋತುಚಕ್ರ ಸರಿಹೋಗಿ, ನಿರೀಕ್ಷೆಯಿಲ್ಲದೆ ಗರ್ಭ ಧರಿಸುವ ಸಾಧ್ಯತೆ ಇರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಭಾರತೀಯರ ಮಟ್ಟಿಗೆ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಮಾಂಸಖಂಡದ ಪ್ರಶ್ನೆ. ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹಗಳನ್ನೇ ಹೋಲಿಸಿ 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22.3, ಒಂದೇ. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1 ಇದ್ದರೆ ಯಾಜ್ಞಿಕರಲ್ಲಿ ಶೇ 21.2. ನಾವು ಮೇಲ್ನೋಟಕ್ಕೆ ತೆಳ್ಳಗಿದ್ದೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವ ಜನ. ನಮಗೆ ಸ್ಥೂಲಕಾಯದ ಗಡಿಯನ್ನು ಬಿಎಂಐ 30ರ ಬದಲು 25ಕ್ಕೇ ಇಟ್ಟಿರುವುದೂ ಅದಕ್ಕಾಗಿಯೇ. ಸೆಮಾಗ್ಲುಟೈಡ್ ಅಧ್ಯಯನದಲ್ಲಿ ಸ್ಕ್ಯಾನ್ ಮಾಡಿಸಿಕೊಂಡ 140 ಜನರ ಉಪಗುಂಪಿನಲ್ಲಿ ಇಳಿದ ತೂಕದ ಶೇ 40ರಷ್ಟು ಕೊಬ್ಬಲ್ಲದ ಅಂಗಾಂಶದ್ದಾಗಿತ್ತು. ಆ ಅಂಗಾಂಶವೆಲ್ಲ ಸ್ನಾಯುವೇ ಅಲ್ಲ ಎಂಬುದು ನಿಜ, ಊಟ ಕಡಿಮೆ ಮಾಡಿ ತೂಕ ಇಳಿಸಿದರೂ ಸ್ನಾಯು ಕರಗುತ್ತದೆ ಎಂಬುದೂ ನಿಜ. ಆದರೆ ಅನ್ನ, ಮುದ್ದೆ, ತಿಳಿಸಾರಿನ ಊಟದಲ್ಲಿ ಪ್ರೋಟೀನ್ ಮೊದಲೇ ಕಡಿಮೆ. ಹಸಿವೂ ಅಡಗಿದ ಮೇಲೆ ಅದೂ ಅರ್ಧವಾಗುತ್ತದೆ. ಅರವತ್ತು ದಾಟಿದವರಿಗೆ ಪ್ರೋಟೀನ್ ಲೆಕ್ಕ ಹಾಕದೆ, ಭಾರ ಎತ್ತುವ ವ್ಯಾಯಾಮ ಹೇಳದೆ ಈ ಔಷಧ ಬರೆದುಕೊಡುವುದು ಅರ್ಧ ಚಿಕಿತ್ಸೆ.

ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಸ್ಪಷ್ಟ ಉತ್ತರವಿದೆ. ಮೇಲಿನ ಅಧ್ಯಯನದಲ್ಲಿ ಔಷಧ ನಿಲ್ಲಿಸಿ ಒಂದು ವರ್ಷದೊಳಗೆ, ಇಳಿದಿದ್ದ ತೂಕದ ಮೂರನೇ ಎರಡು ಪಾಲು ಮರಳಿ ಬಂದಿತ್ತು. ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರೆ ಒತ್ತಡ ಏರುವುದನ್ನು ನಾವು ಮಾತ್ರೆಯ ಸೋಲೆಂದು ಕರೆಯುವುದಿಲ್ಲ, ಇದೂ ಹಾಗೆಯೇ. ಆದರೆ ಮಗಳ ಮದುವೆಗೆ ಮುಂಚೆ ನಾಲ್ಕು ತಿಂಗಳು ಎಂದು ಯೋಜನೆ ಹಾಕುವವರಿಗೆ ಇದನ್ನು ಮೊದಲೇ ಹೇಳಬೇಕು. ಹಣದ ಲೆಕ್ಕವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಇಂಜೆಕ್ಷನ್ ರೂಪದ ಟಿರ್ಜೆಪಟೈಡ್ ಎಂಬ ಇನ್ನೊಂದು ಔಷಧ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ವಾರಕ್ಕೊಮ್ಮೆಯ 5 ಮಿಲಿಗ್ರಾಂ ಸೀಸೆಗೆ ಬೆಲೆ 4,375 ರೂಪಾಯಿ, ತಿಂಗಳಿಗೆ ಹದಿನೇಳು ಸಾವಿರದ ಮೇಲೆ. ಜನರಿಕ್‌ಗಳಿಂದ ಸೆಮಾಗ್ಲುಟೈಡ್ ಅಗ್ಗವಾಗುವುದು ಸ್ವಾಗತಾರ್ಹ, ಏಕೆಂದರೆ ವರ್ಷಗಟ್ಟಲೆ ಬೇಕಾದ ಔಷಧ ಕೈಗೆಟುಕದಿದ್ದರೆ ಜನ ನಡುವೆಯೇ ಬಿಡುತ್ತಾರೆ. ಇದೇ ಗುಂಪಿನ ಹಳೆಯ ಔಷಧವಾದ ಲಿರಾಗ್ಲುಟೈಡ್‌ನ ಜನರಿಕ್‌ಗೆ ಬ್ರಿಟನ್ನಿನಲ್ಲಿ 2024ರಲ್ಲಿ ಒಪ್ಪಿಗೆ ಪಡೆದದ್ದು ಬೆಂಗಳೂರಿನ ಬಯೋಕಾನ್ ಎಂಬುದನ್ನು ನೆನೆದರೆ, ಈ ತಯಾರಿಕೆಯ ಒಂದು ಭಾಗ ನಮ್ಮ ಅಂಗಳದಲ್ಲೇ ನಡೆಯಲಿದೆ.

ಇಲ್ಲಿಯವರೆಗೆ ಹೇಳಿದ್ದು ಪರೀಕ್ಷೆಗೊಳಪಟ್ಟ ಔಷಧಗಳ ಮಾತು. ಚೀಟಿ ಬೇಡದ, ಹಸಿರು ಎಲೆಯ ಚಿತ್ರವಿರುವ ಡಬ್ಬಿಗಳ ಲೋಕ ಬೇರೆಯೇ ಇದೆ, ಅದಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ. ಗಾರ್ಸೀನಿಯಾ ಕ್ಯಾಂಬೋಜಿಯಾ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಬಿಕರಿಯಾಗುವ ಕ್ಯಾಪ್ಸೂಲ್‌ಗಳ ಮೂಲ ನಮ್ಮ ಪಶ್ಚಿಮ ಘಟ್ಟದ ಉಪ್ಪಾಗೆ. ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಮಳೆಗಾಲದಲ್ಲೇ ಹಣ್ಣಾಗುವುದರಿಂದ ಅದರ ಸಿಪ್ಪೆಯನ್ನು ಒಲೆಯ ಮೇಲೆ ಅಟ್ಟ ಕಟ್ಟಿ, ಸೌದೆಯ ಬಿಸಿಗೆ ಒಣಗಿಸುತ್ತಾರೆ. ಮಲೆನಾಡಿನಲ್ಲಿ ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಡಗಿನಲ್ಲಿ ಹಣ್ಣಿನ ರಸವನ್ನು ಕಪ್ಪಗೆ ಕಾಯಿಸಿ ಕಾಚಂಪುಳಿ ಮಾಡಿ ಪಂದಿ ಕರಿಗೆ ಹಾಕುತ್ತಾರೆ. ಇದರ ಹುಳಿಗೆ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಪಿಷ್ಟ ಕೊಬ್ಬಾಗುವ ದಾರಿಯಲ್ಲಿನ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಆಮೇಲೆ ಅಮೆರಿಕದ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಅಲ್ಲಿಂದ ಮುಂದಿನದು ವ್ಯಾಪಾರ. 1990ರ ದಶಕದಲ್ಲಿ ರಫ್ತಿನ ಬೇಡಿಕೆ ಏರಿ, ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದು ಕೊಯ್ಯುವಷ್ಟು ಪೈಪೋಟಿ ಉತ್ತರ ಕನ್ನಡದ ಕಾಡಿನಲ್ಲಿ ಹುಟ್ಟಿತು.

1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂದ 135 ಜನರ ಪರೀಕ್ಷೆ ಈ ಅಬ್ಬರಕ್ಕೆ ತಣ್ಣೀರೆರಚಬೇಕಿತ್ತು. ಹನ್ನೆರಡು ವಾರಗಳಲ್ಲಿ ಉಪ್ಪಾಗೆ ಸಾರ ತೆಗೆದುಕೊಂಡವರು ಸರಾಸರಿ 3.2 ಕಿಲೋ ಇಳಿದರೆ, ಹುಸಿ ಮಾತ್ರೆಯವರು 4.1 ಕಿಲೋ ಇಳಿದಿದ್ದರು. ಎಂದರೆ ಮಾತ್ರೆಯಿಂದ ಗುಣ ಕಾಣಲಿಲ್ಲ. ವ್ಯಾಪಾರ ಮಾತ್ರ ನಿಲ್ಲಲಿಲ್ಲ. ನಂತರದ ವರ್ಷಗಳಲ್ಲಿ ಈ ಸಾರದಿಂದ ಲಿವರ್‌ಗೆ ತೀವ್ರ ಹಾನಿಯಾದ ಪ್ರಕರಣಗಳು ದಾಖಲಾದವು, ಒಂದು ನಿರ್ದಿಷ್ಟ ಅನುವಂಶಿಕ ಗುರುತು ಇರುವವರಲ್ಲಿ ಅಪಾಯ ಹೆಚ್ಚೆಂದೂ ಕಂಡುಬಂತು. ಗ್ರೀನ್ ಟೀ ಸಾರದ್ದೂ ಇದೇ ಹಾಡು: ಅದರ ಇಜಿಸಿಜಿ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2018ರಲ್ಲಿ ಹೇಳಿತು. ಸಾರಿಗೆ ಹಾಕಿದ ನಾಲ್ಕು ಸಿಪ್ಪೆ ಉಪ್ಪಾಗೆಗೂ, ಲೋಟದಲ್ಲಿ ಕುದಿಸಿದ ಚಹಾಕ್ಕೂ ಈ ಮಾತು ಅನ್ವಯಿಸುವುದಿಲ್ಲ. ಅಜ್ಜಿ ಬಳಸುತ್ತಿದ್ದ ಪದಾರ್ಥ ಎಂಬ ಭರವಸೆಯನ್ನು ಹತ್ತಾರು ಪಟ್ಟು ಗಟ್ಟಿಗೊಳಿಸಿದ ಸಾರಕ್ಕೂ ಹಚ್ಚಿ ಮಾರುವುದರಲ್ಲೇ ಮೋಸ ಇರುವುದು.

ಇಂಥ ಡಬ್ಬಿಗಳಲ್ಲಿ ಕೆಲವು ನಿಜಕ್ಕೂ ತೂಕ ಇಳಿಸುತ್ತವೆ, ಆಗಲೇ ಹೆಚ್ಚು ಅನುಮಾನಪಡಬೇಕು. 2007ರಿಂದ 2016ರವರೆಗೆ ಎಫ್‌ಡಿಎ ಕಲಬೆರಕೆ ಎಂದು ಗುರುತಿಸಿದ 776 ಪೂರಕ ಆಹಾರಗಳಲ್ಲಿ ಶೇ 40ಕ್ಕೂ ಹೆಚ್ಚು ತೂಕ ಇಳಿಕೆಯವು. ಅವುಗಳಲ್ಲಿ ಸುಮಾರು ಶೇ 85ರಲ್ಲಿ ಸಿಕ್ಕಿದ್ದು ಸಿಬುಟ್ರಮಿನ್, ಜಗತ್ತು 2010ರಲ್ಲಿ ಬೀಳ್ಕೊಟ್ಟ ಅದೇ ಮಾತ್ರೆ. ಲೇಬಲ್ ಮೇಲೆ ಬರೀ ಗಿಡಮೂಲಿಕೆಯ ಹೆಸರಿರುವುದರಿಂದ ರಕ್ತದೊತ್ತಡವಿದ್ದವರೂ ಧೈರ್ಯವಾಗಿ ನುಂಗುತ್ತಾರೆ. ನಮ್ಮಲ್ಲಿ ಕಾನೂನಿನ ಕೊರತೆಯೇನೂ ಇಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜು ಕೂಡ ಇದೆ. ಅದನ್ನು ಗುಣಪಡಿಸುವುದಾಗಿ ಯಾವ ಔಷಧವನ್ನೂ ಜನರಿಗೆ ಜಾಹೀರಾತು ಮಾಡುವಂತಿಲ್ಲ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಸಂಖ್ಯೆ ಹಾಕಿ ಅದನ್ನು ಔಷಧವಲ್ಲ, ಆಹಾರ ಎಂದುಬಿಟ್ಟರೆ ಈ ಕಾಯ್ದೆಯ ಕಣ್ಣು ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ. ಔಷಧೀಯ ಬಳಕೆಗೆ ಅಲ್ಲ ಎಂದು ಅಂಥ ಡಬ್ಬಿಯ ಮೇಲೆ ಮುದ್ರಿಸುವುದು 2016ರ ನಿಯಮಗಳ ಪ್ರಕಾರ ಕಡ್ಡಾಯ. ಆ ಸಾಲನ್ನು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಹುಡುಕಿ ಓದಬೇಕು. ಮುಂಬದಿಯಲ್ಲಿ ಇಂಚುಪಟ್ಟಿ ಸುತ್ತಿಕೊಂಡ ಸೊಂಟದ ಚಿತ್ರವಿರುತ್ತದೆ.

ಹೊಸ ಔಷಧಗಳು ಲಕ್ಷಾಂತರ ಜನರ ಕೈಗೆ ಹೋದಾಗ, ಪ್ರಯೋಗಗಳಲ್ಲಿ ಕಾಣದ ಹಾನಿಗಳು ಕಾಣಿಸಿಕೊಳ್ಳಬಹುದಾದ ಜಾಗ ಸಾಮಾನ್ಯ ವೈದ್ಯರ ಕೊಠಡಿ. ಬ್ರೆಸ್ಟ್‌ನ ವೈದ್ಯೆಗೆ ಸಿಕ್ಕ ಸುಳಿವೂ ಅಲ್ಲಿಯದೇ. ಭಾರತದಲ್ಲಿ ಇದಕ್ಕೆಂದೇ 2010ರಿಂದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವಿದೆ. ರಾಜ್ಯದ ಹಲವು ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ, 1800-180-3024ಕ್ಕೆ ಕರೆ ಮಾಡಿ ರೋಗಿಗಳೂ ನೇರವಾಗಿ ಅಡ್ಡ ಪರಿಣಾಮ ವರದಿ ಮಾಡಬಹುದು. ಸೆಮಾಗ್ಲುಟೈಡ್‌ನಿಂದ ವಾಂತಿಯಾದರೆ ಜನ ವೈದ್ಯರಿಗೆ ಹೇಳುತ್ತಾರೆ. ಆದರೆ ಕಣ್ಣು ಹಳದಿಯಾಗಿ ಆಸ್ಪತ್ರೆಗೆ ಬಂದವರನ್ನು ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ, ಆನ್‌ಲೈನ್‌ನಲ್ಲಿ ತರಿಸಿದ ಡಬ್ಬಿಯ ನೆನಪು ಅವರಿಗೆ ಬರುವುದಿಲ್ಲ, ಏಕೆಂದರೆ ಅವರ ಪ್ರಕಾರ ಅದು ಮಾತ್ರೆಯೇ ಅಲ್ಲ. ಲಿವರ್ ಪರೀಕ್ಷೆಯ ವರದಿಯ ಜೊತೆಗೆ ಆ ಡಬ್ಬಿಯನ್ನೂ ಕೊಂಡೊಯ್ದರೆ, ಅದರ ಹೆಸರು ಮತ್ತು ಬ್ಯಾಚ್ ಸಂಖ್ಯೆಯನ್ನು ವೈದ್ಯರು ವರದಿಯಲ್ಲಿ ಬರೆಯಬಲ್ಲರು.